ಪಂಚಮಿಯೊಳಗೆ ಆರಬೇಕಿದ್ದ ಕೈಗಳು

"ಬಾಯಾರ, ಪಂಚಮಿಯೊಳಗ ಇವು ಆರಬೇಕ್ರಿ. ಆರಲಿಲ್ಲಂದ್ರ ಈ ವರ್ಷ ನನಗ ಯಾರೂ ಕೈ ಕೊಡೂದಿಲ್ಲ."

ಹೀಗೆ ಹೇಳಿ ಆಕೆ ಎರಡೂ ಕೈಗಳನ್ನು ನನ್ನ ಮೇಜಿನ ಮೇಲೆ ಇಟ್ಟಳು. ಮಣಿಕಟ್ಟಿನ ಸುತ್ತ, ಬೆರಳುಗಳ ಹಿಂಬದಿಗೆ ಕೆಂಪು ಗುಳ್ಳೆಗಳು. ಕೆರೆದು ಕೆರೆದು ಕೆಲವು ಒಡೆದು ಹಕ್ಕಳೆ ಕಟ್ಟಿದ್ದವು. ಕಾರಹುಣ್ಣಿಮೆ ಆಗಷ್ಟೇ ಮುಗಿದಿತ್ತು. ನಾಗಪಂಚಮಿಗೆ ಏಳು ವಾರ ಬಾಕಿ.

ಆಕೆ ಬ್ಯಾಡಗಿಯ ಪೇಟೆಯಲ್ಲಿ ಬಳೆ ಅಂಗಡಿ ಇಟ್ಟವಳು, ವಯಸ್ಸು ಮೂವತ್ತೈದರ ಆಚೀಚೆ. ಗಂಡ ಬಳೆ ಹೊತ್ತುಕೊಂಡು ಸಂತೆಗಳಿಗೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಅಂಗಡಿ, ಮನೆ, ವಯಸ್ಸಾದ ಅತ್ತೆ ಎಲ್ಲ ಈಕೆಯ ಮೇಲೆ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಬಂದವರು ಕೈತುಂಬ ಬಳೆ ಇಡಿಸಿಕೊಳ್ಳದೆ ಹೋಗುವುದಿಲ್ಲ. ಡಬ್ಬಿಯಲ್ಲಿ ಕೊಂಡುಹೋಗುವ ಬಳೆಯ ಮಾತಲ್ಲ ಇದು. ಗಾಜಿನ ಬಳೆ ಕೈಗೆ ಬಿಗಿಯಾಗಿ ಕೂರಬೇಕಾದರೆ ಬಳೆಗಾರ್ತಿ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಸಾಬೂನು ನೀರು ಹಚ್ಚಿ, ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಗಂಟನ್ನು ಹಿಟ್ಟು ನಾದಿದ ಹಾಗೆ ನಾದಿ ಒಂದೊಂದೇ ಏರಿಸಬೇಕು. ಡಜನ್ ಬಳೆ ಎಂದರೆ ಕಾಲು ಗಂಟೆಯಾದರೂ ಕೈಯೊಳಗೆ ಕೈ. ಅಂಥ ಕೈಯಲ್ಲಿ ಗುಳ್ಳೆ ಕಂಡರೆ ಯಾವ ಹೆಣ್ಣುಮಗಳು ತನ್ನ ಕೈ ಚಾಚುತ್ತಾಳೆ?

ನನ್ನ ದವಾಖಾನೆ ಇರುವುದು ರಾಣೆಬೆನ್ನೂರಿನಲ್ಲಿ. ಮಂಗಳವಾರ ಮತ್ತು ಶುಕ್ರವಾರ ಮಾತ್ರ ಬ್ಯಾಡಗಿಗೆ ಬಂದು ಒಂದು ಬಾಡಿಗೆ ಖೋಲಿಯಲ್ಲಿ ಕೂರುತ್ತೇನೆ. ಹೋಮಿಯೋಪತಿ ಡಾಕ್ಟರ್ ಎಂದರೆ ಜನ ಕೊನೆಗೆ ತಟ್ಟುವ ಬಾಗಿಲು. ಎಲ್ಲ ಕಡೆ ಸುತ್ತಿ, ಎಲ್ಲರನ್ನೂ ಬೈದು, ಆಮೇಲೆ ನಮ್ಮ ಸಕ್ಕರೆ ಗುಳಿಗೆಗೆ ಬರುತ್ತಾರೆ. ಹಾಗೆ ಬಂದವರನ್ನು ಗುಣಪಡಿಸಿಯೇ ತೋರಿಸುತ್ತೇನೆ ಎಂಬ ಹಟ ನನಗೆ ಮೊದಲಿನಿಂದಲೂ ಇದೆ. ಆ ಹಟವನ್ನೇ ಬಹಳ ದಿನ ನಾನು ವಿದ್ಯೆ ಅಂದುಕೊಂಡಿದ್ದೆ.

"ಕುಂದರವಾ," ಅಂದೆ.

ಕೇಸ್ ಬರೆದುಕೊಳ್ಳುವುದು ನಮ್ಮಲ್ಲಿ ದೊಡ್ಡ ಕೆಲಸ. ನಾಲ್ಕು ಪುಟದ ಹಾಳೆ. ನೀರಡಿಕೆ ಎಷ್ಟು, ಬಿಸಿಲು ಆಗುತ್ತದೋ ಚಳಿ ಆಗುತ್ತದೋ, ಖಾರ ಇಷ್ಟವೋ ಸಿಹಿ ಇಷ್ಟವೋ, ಸಿಟ್ಟು ಬಂದರೆ ಅಳುತ್ತಾಳೋ ಕೂಗಾಡುತ್ತಾಳೋ, ಬೆವರು ಎಲ್ಲಿ ಹೆಚ್ಚು ಬರುತ್ತದೆ. ಒಂದೊಂದನ್ನೂ ಕೆದಕಿ ಕೇಳಿದೆ. ಕನಸಿನ ಪ್ರಶ್ನೆ ಬಂದಾಗ ಆಕೆ ನಕ್ಕಳು.

"ಕನಸ ಬೀಳಾಕ ಮೊದಲ ನಿದ್ದಿ ಬರಬೇಕಲ್ರಿ ಬಾಯಾರ. ಹಾಸಿಗಿ ಬೆಚ್ಚಗಾತಂದ್ರ ತುರಿ ಸುರು ಆಕೈತಿ."

ನನಗೆ ಒಳಗೊಳಗೇ ಖುಷಿಯಾಯಿತು. ಹಾಸಿಗೆಯ ಬಿಸಿಗೆ ಹೆಚ್ಚುವ ತುರಿ ಎನ್ನುವುದು ನಮ್ಮ ಗ್ರಂಥಗಳಲ್ಲಿ ಗಂಧಕದಿಂದ ಮಾಡುವ ಸಲ್ಫರ್ ಎಂಬ ಔಷಧಿಗೆ ದಪ್ಪ ಅಕ್ಷರದಲ್ಲಿ ಬರೆದಿರುವ ಲಕ್ಷಣ. ಹಾಳೆಯಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದೆ.

"ಮನ್ಯಾಗ ಬ್ಯಾರೆ ಯಾರಿಗರ ತುರಿ ಐತೇನು?"

"ಇಲ್ರಿ. ನಾವು ಇರಾವರ ಇಬ್ರು. ನಮ್ಮತ್ತಿ ಆರಾಮ ಅದಾರ. ಇದು ಮೆಣಸಿನಕಾಯಿ ಘಾಟಿಗೆ ಬಂದೈತಂತಾರ್ರಿ ಎಲ್ಲಾರೂ."

ಬ್ಯಾಡಗಿಯಲ್ಲಿ ಸೀನಿದರೂ ಮೆಣಸಿನಕಾಯಿ, ಕೆಮ್ಮಿದರೂ ಮೆಣಸಿನಕಾಯಿ. ಅದನ್ನು ನಾನು ನಂಬಲಿಲ್ಲ. ಅಷ್ಟರಮಟ್ಟಿಗೆ ಜಾಣಳಾಗಿದ್ದೆ. ಎರಡು ತಿಂಗಳಿಂದ ಮೆಡಿಕಲ್ ಅಂಗಡಿಯವರು ಕೊಟ್ಟ ಟ್ಯೂಬ್ ಒಂದನ್ನು ಹಚ್ಚುತ್ತಿದ್ದಾಳೆ ಎಂದು ತಿಳಿಯಿತು. ಹಚ್ಚಿದರೆ ಎರಡು ದಿನ ಕೆಂಪು ಇಳಿಯುತ್ತದೆ, ಬಿಟ್ಟರೆ ಮತ್ತೆ ಏಳುತ್ತದೆ.

"ಅದನ್ನ ಇವತ್ತಿಂದ ಬಂದ್ ಮಾಡು. ತುರಿಗೆ ಮ್ಯಾಲೆ ಏನೂ ಹಚ್ಚಬಾರದು. ಹಚ್ಚಿದ್ರ ರೋಗ ಒಳಗ ಹೊಕ್ಕೊಂಡ ಕುಂದರ್ತೈತಿ."

ಇದು ನಮ್ಮ ಶಾಸ್ತ್ರದ ಗಟ್ಟಿ ನಿಯಮ. ಚರ್ಮದ ಮೇಲೆ ಕಾಣುವುದು ಒಳಗಿನ ರೋಗದ ಬಾಯಿ, ಬಾಯಿ ಮುಚ್ಚಿದರೆ ರೋಗ ಬೇರೆ ದಾರಿ ಹುಡುಕುತ್ತದೆ ಎಂದು ನಮಗೆ ಕಾಲೇಜಿನಲ್ಲಿ ಕಲಿಸಿದ್ದರು, ನಾನು ಸಾವಿರ ಜನರಿಗೆ ಹೇಳಿದ್ದೆ. ಆಕೆ ಟ್ಯೂಬಿನ ಮುಚ್ಚಳ ತಿರುಗಿಸುತ್ತ ಕೂತಳು. ಹಗಲು ಹೊತ್ತು ಅಂಗಡಿಯಲ್ಲಿ ಕೈ ಸ್ವಲ್ಪ ನೋಡುವಂತೆ ಇರುವುದು ಅದರಿಂದಲೇ. ಕೊನೆಗೆ ಟ್ಯೂಬನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋದಳು. ನನ್ನ ಮಾತಿಗೆ ಅಷ್ಟು ಬೆಲೆ ಕೊಟ್ಟಳಲ್ಲ ಎಂದು ನಾನು ಹಿಗ್ಗಿದೆ.

ಸಲ್ಫರ್ ಇನ್ನೂರು ಶಕ್ತಿಯದು ಒಂದೇ ಡೋಸ್ ನಾಲಿಗೆ ಮೇಲೆ ಹಾಕಿದೆ. ಆಮೇಲೆ ಹದಿನೈದು ದಿನಕ್ಕೆ ಖಾಲಿ ಗುಳಿಗೆ. ಔಷಧಿ ಒಳಗೆ ಕೆಲಸ ಮಾಡುವಾಗ ನಡುವೆ ಕೈ ಹಾಕಬಾರದು, ಆದರೆ ರೋಗಿಗೆ ದಿನಾ ಏನಾದರೂ ನುಂಗಿದ ಸಮಾಧಾನ ಬೇಕು, ಅದಕ್ಕೆ ಬರಿಯ ಸಕ್ಕರೆಯವು. ಇವನ್ನು ಸೀಸೆಗೆ ತುಂಬುವವರು ನಮ್ಮ ಕಂಪೌಂಡರ್ ಆಪಾ. ಐವತ್ತು ದಾಟಿದ ಹೆಂಗಸು, ಮನೆಯಲ್ಲಿ ಉರ್ದು, ದವಾಖಾನೆಯಲ್ಲಿ ಕನ್ನಡ, ಎರಡರಲ್ಲೂ ನಾಲಿಗೆ ಹರಿತ. ಬಳೆಗಾರ್ತಿ ಹೋದ ಮೇಲೆ ಬಿರಡೆ ಒತ್ತುತ್ತ ಅಂದರು, "ಆಕಿ ಕೈ ತೋರಸಾಕ ಬಂದಿದ್ಲು, ನೀವು ಆಕಿ ಜಾತಕ ಬರಕೊಂಡ್ರಿ."

ಹತ್ತನೆಯ ದಿನಕ್ಕೆ ಆಕೆ ತಾನೇ ಬಂದಳು. ಗುಳ್ಳೆ ಮೊಣಕೈವರೆಗೆ ಏರಿದ್ದವು. ಸೊಂಟದ ಸುತ್ತಲೂ ಬಂದಿವೆ ಅಂದಳು. ಕಣ್ಣು ಒಳಕ್ಕೆ ಹೋಗಿದ್ದವು.

ನಾನು ಹೇಳಿದೆ, "ಭಾಳ ಚಲೋ ಆತು."

ಆಕೆ ನನ್ನನ್ನೇ ನೋಡಿದಳು. ನಾನು ವಿವರಿಸಿದೆ. ಔಷಧಿ ಸರಿಯಾಗಿ ನಾಟಿದರೆ ರೋಗ ಮೊದಲು ಉಲ್ಬಣಿಸುತ್ತದೆ, ಒಳಗಿದ್ದದ್ದು ಹೊರಗೆ ಬರುತ್ತದೆ, ಇದು ಗುಣವಾಗುವ ಲಕ್ಷಣ. ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪವೂ ಅನುಮಾನ ಇರಲಿಲ್ಲ. ಹಾಳೆಯ ಅಂಚಿನಲ್ಲಿ "ಉಲ್ಬಣ, ಶುಭ" ಎಂದು ಬರೆದೆ. ಆ ಹಾಳೆಯನ್ನು ಈಗಲೂ ಇಟ್ಟುಕೊಂಡಿದ್ದೇನೆ, ನೋಡಿದಾಗಲೆಲ್ಲ ಮುಖ ಬಿಸಿಯಾಗುತ್ತದೆ.

ಮೂರನೆಯ ವಾರ ಶಕ್ತಿ ಏರಿಸಿದೆ. ಕಾಫಿ ಬಿಡಿಸಿದೆ, ಹಸಿ ಉಳ್ಳಾಗಡ್ಡಿ ಬಿಡಿಸಿದೆ. ರೊಟ್ಟಿ ಜೊತೆ ಉಳ್ಳಾಗಡ್ಡಿ ಇಲ್ಲದೆ ಊಟವೇ ಸೇರದವಳು, ಬಿಟ್ಟಳು. ನಾನು ಹೇಳಿದ್ದೊಂದನ್ನೂ ಆಕೆ ಮೀರಲಿಲ್ಲ. ಆಪಾ ಎರಡು ಸಲ ಕೆಮ್ಮಿದರು, ನಾನು ತಿರುಗಿ ನೋಡಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುತ್ತಾರಲ್ಲ, ಆ ಮೂರನ್ನು ನಾನು ದಿನಾ ಎಣಿಸಿ ನೋಡಿಕೊಳ್ಳುತ್ತಿದ್ದೆ.

ನಾಲ್ಕನೆಯ ವಾರ ಆಕೆ ಗಂಡನ ಪೂರ್ತಿ ತೋಳಿನ ಅಂಗಿಯನ್ನು ಸೀರೆಯ ಮೇಲೆ ತೊಟ್ಟು ಬಂದಳು. ಗುಳಿಗೆ ಕೇಳಲಿಲ್ಲ.

"ನಿನ್ನೆ ಅಗಡಿ ಊರಿಂದ ಒಬ್ಬಾಕಿ ಮಗಳನ್ನ ಕರಕೊಂಡ ಬಂದಿದ್ಲ್ರಿ. ಹುಡುಗಿ ಕೈ ಕೊಟ್ಲು. ನಾ ಹಿಡದೆ. ಆಕಿ ಅವ್ವ ನನ್ನ ಕೈ ನೋಡಿ, ಏನೂ ಅನಲಿಲ್ರಿ, ಸುಮ್ನ ಮಗಳ ಕೈ ಎಳಕೊಂಡು ಎಬ್ಬಿಸಿದ್ಲು. ಬೈದಿದ್ರ ಮನಸಿಗೆ ಇಷ್ಟು ಹತ್ತತಿರಲಿಲ್ರಿ."

"ಕೈಗವಸ ಹಾಕ್ಕೊಂಡ ಇಡಾಕ ಬರೂದಿಲ್ಲೇನು?"

"ಎಲುಬು ಕೈಗೆ ತಿಳೀಬೇಕ್ರಿ ಬಾಯಾರ. ಗಂಟ ಎಲ್ಲಿ ಬಗ್ಗತೈತಿ ಅಂತ ಬೆರಳಿಗೆ ಗೊತ್ತಾಗಲಿಲ್ಲಂದ್ರ ಬಳಿ ಕೈಯಾಗ ಒಡದು ರಕ್ತ ಬರ್ತೈತಿ."

ಆ ದಿನ ನನಗೆ ಮೊದಲ ಸಲ ಹೆದರಿಕೆಯಾಯಿತು. ಆದರೂ ಇನ್ನೊಂದು ವಾರ ತಡೆದುಕೋ ಎಂದೇ ಕಳಿಸಿದೆ.

ಅಷ್ಟರಲ್ಲಿ ನನ್ನ ಎಡಗೈ ಬೆರಳ ಸಂದಿಯಲ್ಲೂ ತುರಿ ಶುರುವಾಗಿತ್ತು. ಮೊದಲು ಪಾತ್ರೆ ತೊಳೆಯುವ ಪುಡಿ ಅಂದುಕೊಂಡೆ. ಆಮೇಲೆ ಚಿಂತೆಗೆ ಅಂದುಕೊಂಡೆ. ನನ್ನ ಕೇಸನ್ನೂ ಮನಸ್ಸಿನಲ್ಲೇ ಬರೆದುಕೊಂಡು, ಅದೇ ಸಲ್ಫರನ್ನು ನಾನೂ ನುಂಗಿದೆ. ತುರಿ ಹೆಚ್ಚಾಯಿತು. ಚಲೋ ಆತು ಎಂದು ನನಗೆ ನಾನೇ ಹೇಳಿಕೊಳ್ಳಲು ಮಾತ್ರ ಯಾಕೋ ಬಾಯಿ ಬರಲಿಲ್ಲ.

ಗುರುವಾರ ಬೆಳಿಗ್ಗೆ ರಾಣೆಬೆನ್ನೂರಿನ ದವಾಖಾನೆಗೆ ಮೋಟೆಬೆನ್ನೂರಿನಿಂದ ಒಬ್ಬ ಅಜ್ಜಿ ಬಸುರಿ ಸೊಸೆಯನ್ನು ಕರೆದುಕೊಂಡು ಬಂದರು. ದೊಡ್ಡ ಮನೆತನದ ಹೆಂಗಸು, ಮಾತು ಕಡಿಮೆ. ಸೊಸೆಗೆ ಮೂರು ವಾರದಿಂದ ಮೈ ತುರಿ. ಬಸುರಿಗೆ ಸುಮ್ಮನೆ ಬೇರೆ ಔಷಧಿ ಯಾಕೆ, ನಿಮ್ಮ ಸಿಹಿ ಗುಳಿಗೆ ಕೊಡಿ ಅಂದರು.

"ಯಾವಾಗಿಂದ ಸುರು ಆತ್ರಿ?" ಎಂದು ಹಾಳೆ ತೆಗೆದೆ.

"ಏಳ ತಿಂಗಳ ಕುಬಸ ಆದಮ್ಯಾಲೆ. ಕುಬಸದಾಗ ಹಸರ ಬಳಿ ಇಡಿಸಿದ್ವಿ. ಮದಲ ಮಣಿಕಟ್ಟಿಗೆ ಬಂತು, ಆಮ್ಯಾಗ ಹೊಟ್ಟಿಗೆ."

"ಬಳಿ ಯಾರ ಇಟ್ಟಿದ್ರು?"

"ಬ್ಯಾಡಗ್ಯಾಕಿ. ಮನಿಗೇ ಕರಸಿದ್ವಿ. ಆಕೀನ ನಮ್ಮ ಮನಿಗೆ ಬರಾಕಿ."

ಪೆನ್ನು ಕೆಳಗಿಟ್ಟೆ. ಸೊಸೆಯನ್ನು ಕಿಟಕಿಯ ಬೆಳಕಿಗೆ ಕರೆದು ಕೈ ಹಿಡಿದು, ಬೆರಳುಗಳನ್ನು ಅಗಲಿಸಿದೆ. ಸಂದಿಯಲ್ಲಿ ಕೂದಲೆಳೆಯಷ್ಟು ಸಣ್ಣ, ಬೂದು ಬಣ್ಣದ ಒಂದು ಸೊಟ್ಟ ಗೆರೆ. ಅದರ ಪಕ್ಕ ನನ್ನ ಕೈಯನ್ನು ಇಟ್ಟು ನೋಡಿದೆ. ಅಲ್ಲೂ ಅದೇ ಗೆರೆ.

ಕಜ್ಜಿ. ನಮ್ಮ ಹಳೇ ಜನ ಹುರುಕು ಅನ್ನುವುದು. ಕಣ್ಣಿಗೆ ಕಾಣದ ಹುಳು ಚರ್ಮದಲ್ಲಿ ಬಿಲ ತೋಡಿ ಮೊಟ್ಟೆ ಇಡುವ ರೋಗ, ಮೈಗೆ ಮೈ ತಾಗಿ ಹರಡುವಂಥದ್ದು, ಹಾಸಿಗೆ ಬೆಚ್ಚಗಾದಾಗ ಹುಳು ಚುರುಕಾಗುವುದರಿಂದ ತುರಿ ಹೆಚ್ಚುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಬಳೆಗಾರ್ತಿಯನ್ನು ಒಂದೂವರೆ ಗಂಟೆ ಕೇಳಿದ್ದೆ, ಎರಡು ನಿಮಿಷವೂ ನೋಡಿರಲಿಲ್ಲ. ಆಕೆಯ ಬೆರಳ ಸಂದಿಯನ್ನು ಒಂದು ಸಲವೂ ಬಿಡಿಸಿರಲಿಲ್ಲ. ಟ್ಯೂಬು ಗುರುತನ್ನು ಮಸುಕು ಮಾಡಿತ್ತು ನಿಜ, ಆದರೆ ಹುಡುಕಿದ್ದರೆ ತಾನೇ ಮಸುಕು ಎನ್ನುವುದಕ್ಕೆ.

ಆಪಾ ನನ್ನ ಕೈಯನ್ನೂ ಮುಖವನ್ನೂ ನೋಡಿ ಎಲ್ಲ ತಿಳಿದುಕೊಂಡರು. "ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ್ರಿ," ಅಂದರು, ಆದರೆ ಮೆಲ್ಲಗೆ.

ಅಜ್ಜಿಗೆ ನಾನು ಗುಳಿಗೆ ಕೊಡಲಿಲ್ಲ. ಇದಕ್ಕೆ ನನ್ನಲ್ಲಿ ಔಷಧಿಯಿಲ್ಲ, ಹಾವೇರಿ ಜಿಲ್ಲಾ ಆಸ್ಪತ್ರೆಯ ಚರ್ಮದ ಡಾಕ್ಟರಿಗೆ ತೋರಿಸಿ, ಬಸುರಿ ಎಂದು ಮೊದಲೇ ಹೇಳಿ ಎಂದು ಚೀಟಿ ಬರೆದೆ. ಬರೆಯುವಾಗ ಕೈ ತಡೆಯಿತು. ಇಷ್ಟು ವರ್ಷ ಅಲ್ಲಿಂದ ಇಲ್ಲಿಗೆ ಬಂದವರನ್ನು ನೋಡಿದ್ದೆ, ಇಲ್ಲಿಂದ ಅಲ್ಲಿಗೆ ನಾನಾಗಿ ಕಳಿಸಿದ್ದು ಅದೇ ಮೊದಲು.

ಮರುದಿನ ಶುಕ್ರವಾರ, ಬ್ಯಾಡಗಿಯ ಪಾಳಿ. ಖೋಲಿ ತೆರೆಯಲಿಲ್ಲ. ನೇರ ಬಳೆಗಾರ್ತಿಯ ಮನೆಗೆ ಹೋದೆ. ಅತ್ತೆ ಕಟ್ಟೆಯ ಮೇಲೆ ಕೂತು ಬೆನ್ನನ್ನು ಗೋಡೆಗೆ ತಿಕ್ಕುತ್ತಿದ್ದರು.

"ಯಾವಾಗಿಂದ ಹಿಂಗ ತುರಸಾಕತ್ತೈತ್ರಿ?"

"ಮುಪ್ಪಿನ ಮೈಯವಾ, ತುರಸ್ತೈತಿ. ಇದ್ನೇನ ಡಾಕ್ಟರಿಗೆ ಹೇಳೂದು?"

ಮನೆಯಲ್ಲಿ ಯಾರಿಗೂ ತುರಿಯಿಲ್ಲ ಎಂಬ ಉತ್ತರದ ಬುಡ ಇಲ್ಲಿತ್ತು. ಬಳೆಗಾರ್ತಿ ಸುಳ್ಳು ಹೇಳಿರಲಿಲ್ಲ, ಅತ್ತೆ ಆಕೆಗೆ ಹೇಳಿರಲೇ ಇಲ್ಲ. ನಾನು ಒಂದು ಸಲ ಕೇಳಿ ಹಾಳೆ ಮಗುಚಿದ್ದೆ. ಮೋಟೆಬೆನ್ನೂರಿನ ಸೊಸೆಯ ಕೈಯಲ್ಲಿ ಕಂಡದ್ದನ್ನು ಬಳೆಗಾರ್ತಿಗೆ ಹೇಳಿದೆ, ಮೂವರೂ ಹಾವೇರಿಗೆ ಹೋಗುವ ಬಸ್ಸು ಹಿಡಿದೆವು.

ಚರ್ಮದ ಡಾಕ್ಟರು ನನಗಿಂತ ಹತ್ತು ವರ್ಷ ಚಿಕ್ಕವರು. ಪ್ರಶ್ನೆ ಕೇಳುವ ಮೊದಲೇ ಅತ್ತೆ ಸೊಸೆ ಇಬ್ಬರ ಅಂಗಿ ತೋಳು ಮಡಚಿಸಿ, ಸೊಂಟ, ಬೆರಳು ಎಲ್ಲ ದೀಪದ ಕೆಳಗೆ ನೋಡಿದರು. ಬಳೆಗಾರ್ತಿಯ ಬೆರಳ ಸಂದಿಗೆ ಶಾಯಿ ಪೆನ್ನಿನಿಂದ ಒಂದು ಹನಿ ಸವರಿ, ಸ್ಪಿರಿಟ್ ಹತ್ತಿಯಿಂದ ಅಳಿಸಿದರು. ಮೇಲಿನ ಶಾಯಿ ಹೋಯಿತು, ಬಿಲದೊಳಗೆ ಇಳಿದದ್ದು ನೀಲಿ ಗೆರೆಯಾಗಿ ಉಳಿಯಿತು. ಆ ಗೆರೆಯ ತುದಿಯನ್ನು ಬ್ಲೇಡಿನಿಂದ ಹಗುರವಾಗಿ ಕೆರೆದು, ಎಣ್ಣೆ ಹನಿ ಹಾಕಿದ ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿ ನನ್ನನ್ನು ಕರೆದರು. ದುಂಡನೆಯ, ಗಿಡ್ಡ ಕಾಲುಗಳ ಒಂದು ಪ್ರಾಣಿ ಮೆಲ್ಲಗೆ ಅಲುಗಾಡುತ್ತಿತ್ತು. ನಾಲ್ಕು ವಾರ ನಾನು ಆಕೆಯ ಸ್ವಭಾವದಲ್ಲಿ ಹುಡುಕಿದ್ದು ಇದನ್ನು.

"ಟ್ಯೂಬ್ ಬಿಟ್ಟ ಮ್ಯಾಲೆ ಹಿಂಗ ಎದ್ದೈತಿ," ಅಂದರು ಅವರು. "ಮ್ಯಾಲೆ ಏನೂ ಹಚ್ಚಬ್ಯಾಡಂತ ಯಾರ ಹೇಳಿದ್ರು?"

ಬಳೆಗಾರ್ತಿ ನೆಲ ನೋಡಿದಳು. ನನ್ನ ಹೆಸರು ಹೇಳುವ ಮನಸ್ಸು ಆಕೆಗಿರಲಿಲ್ಲ.

"ನಾನ ಹೇಳೀನ್ರಿ," ಅಂದೆ.

ಅವರು ಗಾಜನ್ನು ತೆಗೆದಿಟ್ಟು ಅಂದರು, "ಟ್ಯೂಬ್ ಕೊಟ್ಟವ್ರು ಅದನ್ನ ಮುಚ್ಚಿಟ್ರು, ನೀವು ಅದಕ್ಕ ಬೆಳ್ಯಾಕ ಬಿಟ್ರಿ. ಇಬ್ರದೂ ಪಾಲ ಐತಿ ಬಿಡ್ರಿ, ಮೇಡಂ. ಈಗ ಮುಂದಿನ ಕೆಲಸ ನೋಡೋಣು."

ಮುಂದಿನ ಕೆಲಸ ಹೀಗಿತ್ತು. ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಕೆಳಗೂ ಬಿಡದಂತೆ ಕ್ರೀಮ್ ಹಚ್ಚಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮೈ ತೊಳೆಯುವುದು. ಮನೆಯವರೆಲ್ಲ ಒಂದೇ ದಿನ. ಹಾಸಿಗೆ ಬಟ್ಟೆ ಕುದಿಯುವ ನೀರಿಗೆ. ಒಂದು ವಾರ ಬಿಟ್ಟು ಇನ್ನೊಮ್ಮೆ. ಹುಳು ಸತ್ತ ಮೇಲೂ ಎರಡು ಮೂರು ವಾರ ತುರಿ ಇರಬಹುದು, ಗಾಬರಿ ಬೇಡ. ಕೊನೆಗೆ ಚೀಟಿ ಕೊಡುತ್ತ ಅಂದರು, "ಇವರು ಯಾರ ಯಾರ ಕೈ ಹಿಡದಾರ, ಅವರೂ ತೋರಸಬೇಕು. ಇಲ್ಲಂದ್ರ ಪಂಚಮಿಗೆ ಅದು ತಿರುಗಿ ಇವರ ಕೈಗೇ ಬರ್ತೈತಿ."

ಬಸ್ಸಿನಲ್ಲಿ ಆಕೆ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅತ್ತೆ ತೂಕಡಿಸುತ್ತಿದ್ದರು. ನಾನು ಮೆಲ್ಲಗೆ ಅಂದೆ, "ನೀ ಒಪ್ಪಿದ್ರ ಅಷ್ಟ ನಾ ಅವರಿಗೆಲ್ಲಾ ಹೇಳಾಕಿ. ಒಪ್ಪಲಿಲ್ಲಂದ್ರ ಇಲ್ಲ."

"ಹೇಳಿದ್ರ ನನ್ನ ಅಂಗಡಿ ಮುಗೀತ್ರಿ. ನಿಮಗೇನು, ಒಬ್ಬ ಪೇಶಂಟ್ ಹ್ವಾದ್ರ ಇನ್ನೊಬ್ರು ಬರ್ತಾರ. ನನಗ ಇದ ಊರಾಗ, ಇದ ಕೈಯಾಗ ಬಾಳೇವು ಐತಿ. ಹುರುಕಿನಾಕಿ ಅಂತ ಒಮ್ಮೆ ಹೆಸರ ಬಿತ್ತಂದ್ರ ಹೋಗೂದಿಲ್ರಿ."

ಅದು ಖರೇ ಮಾತು. ಮೋಟೆಬೆನ್ನೂರಿನಲ್ಲಿ ಬಸ್ಸು ನಿಂತು ಜನ ಹತ್ತಿ ಇಳಿದರು. ಆಕೆ ಆ ನಿಲ್ದಾಣವನ್ನೇ ನೋಡುತ್ತಿದ್ದಳು. ಬಸ್ಸು ಮತ್ತೆ ಹೊರಟ ಮೇಲೆ ಕೇಳಿದಳು, "ಬಸರ ಹೆಂಗಸಿಗೂ ಆಗೈತಿ ಅಂದ್ರಲ್ರಿ. ಖರೇನ?"

"ಖರೇ."

"ಕುಬಸದ ಬಳಿ ಇಟ್ಟಾಕಿ ನಾನು. ಹಂಗಿದ್ರ ಹೇಳಾಕಿನೂ ನಾನ. ನೀವು ಜೋಡಿ ಬರ್ರಿ ಸಾಕು."

ಅವತ್ತೇ ಸಂಜೆ ಆಕೆಯ ಮನೆಯಲ್ಲಿ ಪಟ್ಟಿ ಮಾಡಲು ಕೂತೆವು. ಹೆಸರುಗಳು ಆಕೆಗೆ ಅಷ್ಟಾಗಿ ನೆನಪಿರಲಿಲ್ಲ. ಕೈಗಳು ನೆನಪಿದ್ದವು. ಕಣ್ಣು ಮುಚ್ಚಿ ಹೇಳುತ್ತ ಹೋದಳು: "ಎರಡು ನಾಲ್ಕರ ಅಳತಿ, ಹೆಬ್ಬೆರಳ ಗಂಟ ಚೂಪ, ಅಕ್ಕಸಾಲಿಗರ ಸೊಸಿ. ಎರಡು ಎಂಟು, ಮೆತ್ತನ್ನ ಕೈ, ಹಿಟ್ಟಿನ ಗಿರಣಿಯಾಕಿ. ಬಲಗೈ ಕಿರಿಬೆರಳು ಸೊಟ್ಟ, ಸಾಲಿ ಹಿಂದಿನ ಮನಿ." ಕೈಯಿಂದ ಹೊರಟು ಮುಖಕ್ಕೆ, ಮುಖದಿಂದ ಮನೆಗೆ. ನಾಲ್ಕು ಪುಟದ ಹಾಳೆಯ ಹಿಂಬದಿಯಲ್ಲಿ ನಾನು ಬರೆದುಕೊಂಡೆ. ಇಷ್ಟು ಕರಾರುವಾಕ್ಕಾದ ಕೇಸ್ ನನ್ನ ಜೀವಮಾನದಲ್ಲಿ ನಾನು ಬರೆದಿರಲಿಲ್ಲ. ಇಪ್ಪತ್ತಾರು ಮನೆ ಆದವು.

ಅಂದಿನಿಂದ ಆಕೆ ಅಂಗಡಿ ಮುಚ್ಚಿದಳು. ಕ್ರೀಮ್ ಹಚ್ಚುವ ದಿನ ನಾನೂ ನನ್ನ ಮನೆಯಲ್ಲಿ ಹಚ್ಚಿಕೊಂಡೆ. ಮುಂದಿನ ಐದು ದಿನ ಇಬ್ಬರೂ ಮನೆ ಮನೆ ತಿರುಗಿದೆವು. ಬಾಗಿಲಲ್ಲಿ ನಿಂತು ಆಕೆ ಒಂದೇ ಮಾತು ಹೇಳುತ್ತಿದ್ದಳು: "ನನಗ ಕಜ್ಜಿ ಆಗಿತ್ರಿ. ನಿಮ್ಮ ಕೈ ಹಿಡದಿದ್ದೆ. ನಿಮಗ ತುರಿ ಇದ್ರ ಹಾವೇರಿಗೆ ಹೋಗಿ ತೋರಸ್ರಿ." ಅದರ ಬೆನ್ನಿಗೆ ನಾನು: "ಆಕಿ ಲಗೂನ ಬಂದಿದ್ಲು. ತಡಾ ಮಾಡಿದಾಕಿ ನಾನು."

ಕೆಲವರು ಕೂಡ್ರಿಸಿ ಚಹ ಕೊಟ್ಟರು. ಗಿರಣಿಯಾಕೆ, ತನಗೆ ಏನೂ ಆಗಿಲ್ಲ, ಆದರೂ ಹೇಳಿದ್ದು ಚಲೋ ಆಯಿತು ಅಂದಳು. ಒಬ್ಬಾಕೆ ನಾವು ಮೆಟ್ಟಿಲು ಇಳಿಯುವ ಮೊದಲೇ ಕಟ್ಟೆಗೆ ನೀರು ಹಾಕಿದಳು. ಇನ್ನೊಂದು ಮನೆಯ ಯಜಮಾನರು ನನಗೆ, "ಏನೂ ತಿಳೀಲಾರದ ಯಾಕ ದವಾಖಾನಿ ಇಟ್ಟೀರಿ?" ಅಂದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆ ಐದು ದಿನ ಮಾತ್ರ ಅದನ್ನು ನುಂಗಿದೆ, ಯಾಕೆಂದರೆ ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಮೋಟೆಬೆನ್ನೂರಿನ ಮನೆಯನ್ನು ಆಕೆ ಕೊನೆಗೆ ಇಟ್ಟುಕೊಂಡಿದ್ದಳು. ಅಜ್ಜಿ ಆಗಲೇ ಸೊಸೆಯನ್ನು ಹಾವೇರಿಗೆ ಕರೆದೊಯ್ದು ತೋರಿಸಿದ್ದರು, ಬಸುರಿಗೆ ಆಗುವಂಥ ಔಷಧಿ ಕೊಟ್ಟಿದ್ದರು, ಮನೆಯವರೆಲ್ಲ ಹಚ್ಚಿಕೊಂಡಿದ್ದರು. ಅಂಗಳದಲ್ಲಿ ನಿಂತೇ ಆಕೆಯ ಮಾತು ಪೂರ್ತಿ ಕೇಳಿದರು. ಕುಂದ್ರಿ ಅನ್ನಲಿಲ್ಲ.

"ಗೊತ್ತಾತು, ಹೋಗ್ರಿ," ಅಂದರು.

ವಾಪಸು ಬರುವಾಗ ಆಕೆ ರಸ್ತೆ ಬದಿಯಲ್ಲಿ ನಿಂತು ಅತ್ತಳು. ನಾನು ಬಸ್ಸು ಬರುವವರೆಗೆ ಪಕ್ಕದಲ್ಲಿ ನಿಂತಿದ್ದೆ.

ಎರಡನೆಯ ಸಲ ಕ್ರೀಮ್ ಹಚ್ಚಿದ ಮೇಲೂ ತುರಿ ನಿಲ್ಲಲಿಲ್ಲ. ಆಕೆಗೆ ಅನುಮಾನ ಬಂತು, ಇನ್ನೂ ಹುಳು ಇದೆ, ಇನ್ನೊಮ್ಮೆ ಹಚ್ಚುತ್ತೇನೆ ಅಂದಳು. ಪಂಚಮಿಗೆ ಒಂದು ವಾರವೂ ಇರಲಿಲ್ಲ. ಈ ಸಲ ನಾನು ಬಾಯಿಮಾತಿನಲ್ಲಿ ಧೈರ್ಯ ಹೇಳಲಿಲ್ಲ. ಅಂಗಳದ ಬಿಸಿಲಿಗೆ ಕರೆದು ಬೆರಳು ಬೆರಳು ಬಿಡಿಸಿ, ಸೊಂಟ, ಮೊಣಕೈ ಎಲ್ಲ ನೋಡಿದೆ. ಹೊಸ ಗುಳ್ಳೆ ಒಂದೂ ಇರಲಿಲ್ಲ, ಹಳೆಯವು ಒಣಗಿ ಸಿಪ್ಪೆ ಏಳುತ್ತಿದ್ದವು. ಆದರೂ ನನ್ನ ಕಣ್ಣನ್ನೇ ನಂಬದೆ ಮತ್ತೆ ಹಾವೇರಿಗೆ ಕರೆದೊಯ್ದೆ. ಅವರು ಶಾಯಿ ಹಾಕಿ ಅಳಿಸಿದರು. ಎಲ್ಲೂ ಗೆರೆ ನಿಲ್ಲಲಿಲ್ಲ. ಉಳಿದ ತುರಿಗೆ ಒಂದು ಮಾತ್ರೆ ಬರೆದು, ಇನ್ನು ಕೆಲಸ ಮಾಡಬಹುದು ಅಂದರು.

ಪಂಚಮಿಯ ಸಾಲು ಶುರುವಾಗುವ ರೊಟ್ಟಿ ಹಬ್ಬದ ಹಿಂದಿನ ದಿನ, ಮಂಗಳವಾರ, ಆಕೆ ಅಂಗಡಿ ತೆರೆದಳು. ಖೋಲಿಯಲ್ಲಿ ಅವತ್ತು ನನಗೂ ಕೆಲಸವಿರಲಿಲ್ಲ, ಇಪ್ಪತ್ತಾರು ಮನೆಯ ಸುದ್ದಿ ನನ್ನ ರೋಗಿಗಳನ್ನೂ ಮುಟ್ಟಿತ್ತು. ಆಪಾ ಮತ್ತು ನಾನು ಹೋಗಿ ಅಂಗಡಿಯ ಕಟ್ಟೆಯ ಮೇಲೆ ಕೂತೆವು. ಪೇಟೆಯ ತುಂಬ ಹೆಣ್ಣುಮಕ್ಕಳು, ಎದುರಿನ ಸೀರೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಈ ಅಂಗಡಿಯ ಮುಂದೆ ಬಂದವರು ಬಳೆ ನೋಡುತ್ತಿದ್ದರು, ಆಮೇಲೆ ಆಕೆಯ ಕೈ ನೋಡುತ್ತಿದ್ದರು, ಮುಂದೆ ಹೋಗುತ್ತಿದ್ದರು. ಮಧ್ಯಾಹ್ನದವರೆಗೆ ಒಬ್ಬರೂ ಕೂರಲಿಲ್ಲ. ಸಾಬೂನು ನೀರಿನ ಬಟ್ಟಲನ್ನು ಆಕೆ ಎರಡು ಸಲ ಚೆಲ್ಲಿ ಹೊಸದು ಮಾಡಿಟ್ಟಳು. ನಾನು ಮುಂದೆ ಬಂದು ನನ್ನ ಕೈ ಚಾಚಿದೆ.

"ಬ್ಯಾಡ್ರಿ ಬಾಯಾರ," ಅಂದಳು. "ನೀವು ಇಡಿಸಿಕೊಂಡ್ರ ಜನ ಪ್ರಾಯಶ್ಚಿತ್ತ ಅಂತಾರ, ಭರೋಸೆ ಅನ್ನೂದಿಲ್ಲ."

ಮೂರರ ಸುಮಾರಿಗೆ ಮೋಟೆಬೆನ್ನೂರಿನ ಅಜ್ಜಿ ಬಂದರು. ಬೆನ್ನಿಗೆ ಪಂಚಮಿಗೆಂದು ತವರಿಗೆ ಬಂದ ಇಬ್ಬರು ಹೆಣ್ಣುಮಕ್ಕಳು, ನಡುವೆ ಹೊಟ್ಟೆ ಹೊತ್ತ ಸೊಸೆ. ನನ್ನ ಕಡೆ ನೋಡಲೂ ಇಲ್ಲ. ಕಟ್ಟೆಯ ಅಂಚಿಗೆ ಕೂತು ಬಳೆಗಾರ್ತಿಗೆ ಅಂದರು, "ಮದಲ ನಿನ್ನ ಕೈ ಕೊಡು."

ಆಕೆ ಎರಡೂ ಕೈ ಮುಂದೆ ಮಾಡಿದಳು. ಅಜ್ಜಿ ಚಾಳೀಸು ಹಾಕಿಕೊಂಡು, ಬಿಸಿಲು ಬೀಳುವ ಕಡೆಗೆ ಆ ಕೈಗಳನ್ನು ಎಳೆದು, ಅಂಗೈ ನೋಡಿ, ಮಗುಚಿ, ಒಂದೊಂದು ಬೆರಳನ್ನೂ ಬಿಡಿಸಿ ಸಂದಿ ನೋಡಿದರು. ಅವಸರ ಮಾಡಲಿಲ್ಲ. ದಾರಿಯಲ್ಲಿ ಹೋಗುವವರು ನಿಂತರು. ಸೀರೆ ಅಂಗಡಿಯ ಬಾಗಿಲಿಗೂ ಜನ ಬಂದು ನಿಂತರು. ಆಪಾ ನನ್ನ ಮೊಣಕೈ ಹಿಡಿದುಕೊಂಡಿದ್ದರು.

"ನಮ್ಮ ಅಂಗಳಕ್ಕ ಬಂದು ತಾನ ಹೇಳಿ ಹ್ವಾದಾಕಿ ಇವಳು," ಅಂದರು ಅಜ್ಜಿ, ಯಾರನ್ನೂ ಉದ್ದೇಶಿಸದೆ, ಆದರೆ ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಸೆರಗು ಸರಿಸಿ, ಹೆಣ್ಣುಮಕ್ಕಳಿಗಿಂತ ಮೊದಲು ತಮ್ಮ ಕೈಯನ್ನೇ ಚಾಚಿದರು. "ಹಸರು ಇಡು."

ಬಳೆಗಾರ್ತಿ ಆ ಕೈ ಹಿಡಿದಳು. ಇಪ್ಪತ್ತು ದಿನವಾಗುತ್ತ ಬಂದಿತ್ತು ಆಕೆ ಯಾರ ಕೈಯನ್ನೂ ಮುಟ್ಟಿ. ಸಾಬೂನು ಹಚ್ಚಿ, ಗಂಟನ್ನು ನಾದುವುದನ್ನೇ ಮರೆತು ಬಳೆ ಒತ್ತಿದಳು. ಮೊದಲ ಬಳೆ ಗಂಟಿನ ಮೇಲೆ ಬಂದು ಚಟ್ ಎಂದು ಒಡೆಯಿತು. ಹಬ್ಬದ ಮುಂದೆ ಮುತ್ತೈದೆಯ ಕೈಯಲ್ಲಿ ಬಳೆ ಒಡೆದರೆ ಏನು ಅನ್ನುತ್ತಾರೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹೆಣ್ಣುಮಕ್ಕಳಲ್ಲಿ ದೊಡ್ಡವಳು "ಅವ್ವಾ" ಎಂದು ತಾಯಿಯ ಹೆಗಲು ಮುಟ್ಟಿದಳು. ಬಳೆಗಾರ್ತಿ ಹಿಡಿದ ಕೈಯನ್ನು ಬಿಡಲು ಹೊರಟಳು.

ಅಜ್ಜಿ ಬಿಡಿಸಿಕೊಳ್ಳಲಿಲ್ಲ. "ಗಾಜು, ಒಡೀತೈತಿ," ಅಂದರು. "ಇನ್ನೊಂದ ತಗೀ."

ಆಕೆ ಇನ್ನೊಂದು ತೆಗೆದಳು. ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಗಂಟನ್ನು ನಿಧಾನವಾಗಿ ನಾದಿ, ಒತ್ತಿದಳು. ಬಳೆ ಗಂಟು ದಾಟಿ ಮಣಿಕಟ್ಟಿಗೆ ಇಳಿಯಿತು.